ಹಳದಿ ಓಲೆ ಹಾಕಿಕೊಂಡ ಕುರಿಗಳು

ಕೊರೊನಾ ಮುಗಿದ ಮರುವರ್ಷ ನಾನು ಕೊಟ್ಟೂರಿನಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಮನುಷ್ಯರ ಲಸಿಕೆಯ ಬಗ್ಗೆ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯವನೂ ಅರ್ಧ ಗಂಟೆ ಭಾಷಣ ಮಾಡುತ್ತಿದ್ದ ಕಾಲ ಅದು. ಕುರಿಯ ಲಸಿಕೆಯ ಬಗ್ಗೆ ಕೇಳುವವರು ಯಾರೂ ಇರಲಿಲ್ಲ. ಕುರಿಗೆ ಓಟಿಲ್ಲ ನೋಡಿ. ಆದರೆ ಕುರಿ ಸಾಕುವವರಿಗೆ ಓಟಿದೆ ಎಂದು ಕೆಲವರಿಗೆ ಹೊಳೆಯಿತು. ಹೊಳೆದ ಮೇಲೆ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗ ನಿವೃತ್ತಳಾಗಿದ್ದೇನೆ, ಮೆಮೊ ಕೊಡುವವರು ಯಾರೂ ಇಲ್ಲ. ಕಂಪನಿಯ ಹೆಸರನ್ನೂ ಸಾಹೇಬರ ಹೆಸರನ್ನೂ ಹೇಳುವುದಿಲ್ಲ. ಅವರಿಗೆ ಪ್ರಚಾರ ಈಗಾಗಲೇ ಸಾಕಷ್ಟು ಸಿಕ್ಕಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆ ಕುರಿ ಅಂದರೆ ಸುಮ್ಮನೆ ಸಾಕುಪ್ರಾಣಿಯಲ್ಲ, ಬದುಕು. ಮಳೆ ಹಿಂದೆ ಸರಿಯುತ್ತಿದ್ದಂತೆ ನಮ್ಮ ಕಡೆಯ ಮಂದೆಗಳು ಹಡಗಲಿ, ಮೈಲಾರದ ಹೊಳೆಸಾಲಿಗೆ, ಅಂದರೆ ನದಿ ದಂಡೆಯ ಹೊಲಗಳಿಗೆ ಇಳಿಯುತ್ತವೆ. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ರೈತರು ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಹೊಳೆಸಾಲಿನ ಕೆಸರಿನಲ್ಲಿ ನುಸಿ ಹುಟ್ಟುತ್ತದೆ. ಆ ನುಸಿ ಕಚ್ಚಿದರೆ ಕುರಿಗೆ ನೀಲಿ ನಾಲಿಗೆ ರೋಗ ಅಂಟುತ್ತದೆ. ಜ್ವರ ಬರುತ್ತದೆ, ತುಟಿ ಊದುತ್ತದೆ, ಬಾಯಿತುಂಬ ಹುಣ್ಣು, ಗೊರಸಿನ ಮೇಲ್ಗಡೆ ಕೆಂಪಾಗಿ ಕುಂಟುತ್ತವೆ. ನಾಲಿಗೆ ನೀಲಿಯಾಗುವುದು ಎಲ್ಲದಕ್ಕೂ ಅಲ್ಲ, ಆದರೆ ಹೆಸರು ಹಾಗೇ ಉಳಿದಿದೆ. ನಮ್ಮ ಕುರಿಗಾಹಿಗಳು ಅದನ್ನು ಬಾಯಿಬ್ಯಾನಿ ಅನ್ನುತ್ತಾರೆ. ಬಾಯಿ ಹುಣ್ಣಾದ ಕುರಿ ಮೇಯುವುದಿಲ್ಲ, ಮೇಯದ ಕುರಿ ಎಷ್ಟು ದಿನ ತಡೆದೀತು?

ಈ ರೋಗಕ್ಕೆ ಲಸಿಕೆ ಇರಲಿಲ್ಲವೆಂದಲ್ಲ. ಇತ್ತು. ಆದರೆ ಈ ವೈರಸ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ, ಒಂದೇ ಮನೆತನದ ಅಣ್ಣತಮ್ಮಂದಿರ ಹಾಗೆ. ಒಬ್ಬನ ಗುರುತು ಹೇಳಿಕೊಟ್ಟರೆ ಕಾವಲುಗಾರ ಅವನನ್ನು ಮಾತ್ರ ಹಿಡಿಯುತ್ತಾನೆ, ತಮ್ಮನನ್ನು ಆರಾಮಾಗಿ ಒಳಗೆ ಬಿಡುತ್ತಾನೆ. ಮಾರುಕಟ್ಟೆಯಲ್ಲಿದ್ದ ಲಸಿಕೆಯಲ್ಲಿ ಬೇರೆ ಕಡೆ ಹೆಚ್ಚಾಗಿದ್ದ ಬಗೆಗಳಿದ್ದವು. ಅದನ್ನು ಹಾಕಿಯೂ ನಮ್ಮ ಕಡೆ ಕುರಿ ಸಾಯುತ್ತಿದ್ದವು. ಯಾಕೆ ಅಂತ ಕಂಡುಹಿಡಿದವನು ಡಾಕ್ಟರ್ ರಘು. ಬೆಂಗಳೂರಿನ ಲ್ಯಾಬಿನಲ್ಲಿದ್ದ ಹುಡುಗ, ನನ್ನ ಮಗನ ವಯಸ್ಸು. ನಾನು ಕಳಿಸಿದ ರಕ್ತದ ಮಾದರಿಗಳಲ್ಲಿ ನಮ್ಮ ಸೀಮೆಯ ವೈರಸ್ಸನ್ನೇ ಬೇರ್ಪಡಿಸಿ, ಅದು ಲಸಿಕೆಯಲ್ಲಿಲ್ಲದ ಬಗೆ ಎಂದು ಸಾಬೀತು ಮಾಡಿದ. ಆವತ್ತೇ ನನಗೆ ಫೋನ್ ಮಾಡಿದ.

"ಮೇಡಂ, ಸಿಕ್ಕಿಬಿದ್ದ ಕಳ್ಳ!" ಅಂದ.

ಅವನ ಲ್ಯಾಬು ಒಂದು ಲಸಿಕೆ ಕಂಪನಿಯ ಜೊತೆ ಸೇರಿ, ಈ ಬಗೆಯನ್ನೂ ಸೇರಿಸಿ ಸ್ವಲ್ಪ ಲಸಿಕೆ ತಯಾರಿಸಿತು. ಅದನ್ನು ನಿಜವಾದ ಮಂದೆಗಳ ಮೇಲೆ ಪರೀಕ್ಷಿಸಬೇಕಿತ್ತು. ಐದೂ ಕಡೆ ಕೆಲವು ಮಂದೆ ಆರಿಸುವ ಹೊಣೆ ನನಗೆ ಬಂತು.

ಮೊದಲು ಹೋದದ್ದು ಚೌಡಮ್ಮನ ಹಟ್ಟಿಗೆ, ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ಹೋಗುವ ದಾರಿಯಲ್ಲಿ. ಗಂಡ ಬೀರಪ್ಪ ಕುರಿಯ ಹಿಂದೆ ಅಡ್ಡಾಡುವವನು, ಯಜಮಾನಿಕೆ ಎಲ್ಲ ಚೌಡಮ್ಮನದು. ಹಿಂದಿನ ವರ್ಷದ ರೋಗದಲ್ಲಿ ಅವಳ ರೊಪ್ಪದಲ್ಲಿ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಯಲ್ಲಿ, ಮರಿಗಳೇ ಉಳಿದಿರಲಿಲ್ಲ. ಮಗಳ ಮದುವೆ ಗೊತ್ತಾಗಿ ಎರಡು ಸಲ ಮುಂದಕ್ಕೆ ಹೋಗಿತ್ತು, ಬಳುವಳಿ ಕೊಡಲು ಕುರಿಯಿಲ್ಲವೆಂದು. ನಾನು ಪರೀಕ್ಷೆಯ ಕ್ರಮ ವಿವರಿಸಿದೆ. ಮಂದೆಯ ಅರ್ಧ ಕುರಿಗೆ ಲಸಿಕೆ ಹಾಕಿ ಕಿವಿಗೆ ಹಳದಿ ಓಲೆ ಹೊಡೆಯುತ್ತೇವೆ. ಇನ್ನರ್ಧಕ್ಕೆ ಲಸಿಕೆ ಇಲ್ಲ, ನೀಲಿ ಓಲೆ. ಒಂದೇ ಹೊಲ, ಒಂದೇ ನುಸಿ. ರೋಗ ಬಂದಾಗ ಯಾವ ಓಲೆ ನಿಲ್ಲುತ್ತದೆ ನೋಡುವುದು. ಹೋಲಿಸಲು ಇನ್ನೊಂದು ಅರ್ಧ ಇಲ್ಲದಿದ್ದರೆ ಲಸಿಕೆಯಿಂದ ಬದುಕಿದವೋ, ದೈವದಿಂದ ಬದುಕಿದವೋ ತಿಳಿಯುವುದಿಲ್ಲ.

ಚೌಡಮ್ಮ ಎಲೆಯಡಿಕೆ ಉಗುಳಿ ಬಂದು ನನ್ನ ಎದುರಿಗೆ ಕೂತಳು.

"ಎಲ್ಡು ಕೂಸು ಅದಾವಂದ್ರ ಒಂದಕ್ಕ ಹಾಲು ಕುಡಿಸಿ, ಇನ್ನೊಂದು ಹ್ಯಾಂಗ ಸಾಯ್ತೈತಿ ಅಂತ ನೋಡ್ಕೋತ ಕುಂದ್ರು ಅಂತೀರಿ. ನೀವೂ ಒಬ್ಬ ತಾಯಿ ಹೌದಲ್ರಿ?"

ಪಶುವೈದ್ಯ ಕಾಲೇಜಿನಲ್ಲಿ ಇದಕ್ಕೆ ಉತ್ತರ ಕಲಿಸುವುದಿಲ್ಲ. ನಾನು ನಿಜವನ್ನೇ ಹೇಳಿದೆ. ಈಗ ನನ್ನ ಬಳಿ ಇರುವುದೇ ಇಷ್ಟು ಲಸಿಕೆ. ಇದು ಕೆಲಸ ಮಾಡುತ್ತದೆ ಅಂತ ಗಟ್ಟಿಯಾದರೆ ಮುಂದಿನ ವರ್ಷ ಐದೂ ಕಡೆ ಎಲ್ಲ ಕುರಿಗೂ ಇದೇ ಬರುತ್ತದೆ. ಹಾಗಂತ ರಘುವೂ ಹೇಳಿದ್ದ, ಕಂಪನಿಯ ಮ್ಯಾನೇಜರ್ ಶ್ರೀಧರ್ ಕೂಡ ನನ್ನ ಎದುರೇ ಹೇಳಿದ್ದರು. ಚೌಡಮ್ಮ ಎದ್ದು ರೊಪ್ಪದ ಬಾಗಿಲ ಮುಳ್ಳು ಸರಿಸಿದಳು. "ಬರ್ರಿ. ಆದ್ರ ಯಾವುದಕ್ಕ ನೀಲಿ ವಾಲಿ ಹಾಕ್ತೀರಿ ಅನ್ನೋದು ನನ್ನ ಕಣ್ಣಮುಂದ ಬ್ಯಾಡ" ಅಂದು ಅಡುಗೆ ಕಡೆ ಹೋಗಿಬಿಟ್ಟಳು. ಕಿವಿಯೋಲೆಗೆ ಅವರು ವಾಲಿ ಅನ್ನುತ್ತಾರೆ, ಹೆಣ್ಣುಮಕ್ಕಳ ಕಿವಿಯದ್ದಕ್ಕೆ ಅನ್ನುವ ಹಾಗೆಯೇ.

ಆ ವರ್ಷದ ಹಿಂಗಾರಿನಲ್ಲಿ ಹೊಳೆಸಾಲಿಗೆ ಇಳಿದ ಮಂದೆಗಳಿಗೆ ರೋಗ ಬಂತು. ನಾನು ಹಡಗಲಿಯಿಂದ ಹರಪನಹಳ್ಳಿಗೆ, ಅಲ್ಲಿಂದ ಮತ್ತೆ ಕೊಟ್ಟೂರಿಗೆ ಜೀಪಿನಲ್ಲೇ ವಾಸ. ಹೊಲದ ಬದುವಿನಲ್ಲಿ ನಿಂತರೇ ಗೊತ್ತಾಗುತ್ತಿತ್ತು. ನೀಲಿ ಓಲೆಯವು ತಲೆ ತಗ್ಗಿಸಿ, ಜೊಲ್ಲು ಸುರಿಸುತ್ತ ಹಿಂದೆ ಉಳಿಯುತ್ತಿದ್ದವು. ಹಳದಿ ಓಲೆಯವು ಮುಂದೆ ಮೇಯುತ್ತಿದ್ದವು. ಬಿದ್ದವಕ್ಕೆ ನಾವು ಬಾಯಿ ತೊಳೆದು ಔಷಧಿ ಕೊಟ್ಟೆವು. ಚೌಡಮ್ಮ ರಾಗಿ ಗಂಜಿ ಕಾಯಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನಲ್ಲಿ ಅದ್ದಿ ಅದ್ದಿ ನೆಕ್ಕಿಸುತ್ತಿದ್ದಳು. ಕೆಲವು ಉಳಿದವು, ಬಹಳ ಹೋದವು. ಹಳದಿ ಓಲೆಯದು ಒಂದೂ ಹೋಗಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ, ಒಂದು ಹೋಯಿತು, ಅದೂ ಲಾರಿಗೆ ಸಿಕ್ಕು.

ನನ್ನ ಇಡೀ ಸರ್ವಿಸ್ಸಿನಲ್ಲಿ ಅಷ್ಟು ಖುಷಿಪಟ್ಟ ದಿನ ಇನ್ನೊಂದಿಲ್ಲ. ರಘು ಬಂದು ರಕ್ತ ತೆಗೆದುಕೊಂಡು ಹೋದ. ಹೋಗುವಾಗ ಕೊಟ್ಟೂರಿನಲ್ಲಿ ಇಬ್ಬರೂ ಮಂಡಕ್ಕಿ ಮೆಣಸಿನಕಾಯಿ ತಿಂದೆವು. "ಮುಂದಿನ ಮಳೆಗಾಲಕ್ಕೆ ಬಂದೇ ಬರುತ್ತೆ ಮೇಡಂ" ಅಂದ. ಪಾಪ, ಅವನೂ ನಂಬಿದ್ದ.

ಮುಂದೆ ಬಂದದ್ದು ಬೇಸಿಗೆ, ಅದರ ಜೊತೆಗೆ ಚುನಾವಣೆಯ ಗಾಳಿ. ನಮ್ಮ ಕಡೆ ಪ್ರಭಾವಿಯಾಗಿದ್ದ ರಾಜಕಾರಣಿ ಸಾಹೇಬರೊಬ್ಬರಿಗೆ ಯಾರೋ ಕಿವಿ ಊದಿದರು. ಕುರಿಗಾರರ ಓಟು ಕೈತಪ್ಪುತ್ತಿದೆ, ಈ ಲಸಿಕೆಯನ್ನು ನೀವೇ ಬಿಡುಗಡೆ ಮಾಡಿ ಎಂದು. ಸಾಹೇಬರು ಹಿಡಿದ ಪಟ್ಟು ಒಂದೇ: ನೀತಿ ಸಂಹಿತೆ ಜಾರಿಯಾಗುವ ಮುಂಚೆ ಸಮಾರಂಭ ಆಗಬೇಕು. ಹೊಸ ಬಗೆ ಸೇರಿದ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಬೇಕಾದರೆ ಮತ್ತೆ ಪರೀಕ್ಷೆ, ಪರವಾನಗಿ, ತಯಾರಿ, ಅದಕ್ಕೆಲ್ಲ ಸಮಯ ಬೇಕು. ವೈರಸ್ಸಿಗೆ ಚುನಾವಣಾ ವೇಳಾಪಟ್ಟಿ ಗೊತ್ತಾಗುವುದಿಲ್ಲವಲ್ಲ! ಆದರೆ ಕಂಪನಿಯ ಗೋದಾಮಿನಲ್ಲಿ ಹಳೆಯ ಲಸಿಕೆ ರಾಶಿ ಬಿದ್ದಿತ್ತು, ಅವಧಿ ಮುಗಿಯುವುದರಲ್ಲಿತ್ತು. ಸಾಹೇಬರಿಗೆ ಸಮಾರಂಭ ಬೇಕಿತ್ತು, ಕಂಪನಿಗೆ ಸರಕು ಖಾಲಿಯಾಗಬೇಕಿತ್ತು. ಗಂಟು ಹಾಕುವುದಕ್ಕೆ ಎಷ್ಟು ಹೊತ್ತು?

ಕೂಡ್ಲಿಗಿಯ ಮೈದಾನದಲ್ಲಿ ಶಾಮಿಯಾನ. ಸಾಹೇಬರ ಹೆಗಲಿಗೆ ಕಂಬಳಿ, ಕೈಯಲ್ಲಿ ಕುರಿಮರಿ, ಸುತ್ತ ಕ್ಯಾಮೆರಾ. ವೇದಿಕೆಯ ಹಿಂದಿನ ದೊಡ್ಡ ಬ್ಯಾನರಿನಲ್ಲಿ ನಮ್ಮ ಪರೀಕ್ಷೆಯ ಹಳದಿ ಓಲೆಯ ಕುರಿಗಳ ಫೋಟೊ. "ನಿಮ್ಮೂರಿನಲ್ಲೇ ಗೆದ್ದ ಲಸಿಕೆ" ಎಂದು ಬರೆದಿದ್ದರು. ಐಸ್ ಪೆಟ್ಟಿಗೆಯಿಂದ ನಾನೊಂದು ಸೀಸೆ ಎತ್ತಿ ಲೇಬಲ್ ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಯಾವ ಬಗೆ ನಮ್ಮ ಕುರಿಗಳನ್ನು ಕೊಲ್ಲುತ್ತಿತ್ತೋ ಅದೊಂದೇ ಅದರಲ್ಲಿ ಇರಲಿಲ್ಲ. ಅದು ಹಳೆಯ ಲಸಿಕೆ, ಹೊಸ ಹೆಸರು.

ಮ್ಯಾನೇಜರ್ ಶ್ರೀಧರ್ ವೇದಿಕೆಯ ಪಕ್ಕದಲ್ಲೇ ಇದ್ದರು. ಕೇಳಿದೆ. ಅವರು ಸಿಟ್ಟಾಗಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ. ಅದನ್ನೇ ನಾನು ಇನ್ನೂ ಮರೆತಿಲ್ಲ.

"ಮೇಡಂ, ನೀವು ಸೈನ್ಸ್ ಮಾತಾಡ್ತೀರಿ, ನಾನು ಮಾರ್ಕೆಟ್ ಮಾತಾಡಬೇಕು. ನಿಮ್ಮ ಐದು ತಾಲ್ಲೂಕಿಗೋಸ್ಕರ ಹೊಸ ಲೈಸೆನ್ಸು, ಹೊಸ ಬ್ಯಾಚು ಅಂದ್ರೆ ನಮ್ಮ ಬೋರ್ಡ್ ನಗುತ್ತೆ. ಇದೂ ನೀಲಿ ನಾಲಿಗೆ ಲಸಿಕೆನೇ ಅಲ್ವಾ? ಸುಳ್ಳೇನೂ ಹೇಳಿಲ್ಲ."

"ಹಾಗಾದ್ರೆ ನಮ್ಮ ಪರೀಕ್ಷೆ ಯಾಕೆ ಮಾಡಿದಿರಿ?"

"ಒಳ್ಳೆ ರಿಸಲ್ಟ್ ಬಂತಲ್ಲ ಮೇಡಂ, ಬ್ಯಾನರಿಗೆ" ಅಂದು, ಸಾಹೇಬರು ಕರೆದರೆಂದು ಹೋದರು.

ಅಷ್ಟರಲ್ಲಿ ಸಾಹೇಬರ ಕೈಯಲ್ಲಿದ್ದ ಮರಿ ಅವರ ಬಿಳಿ ಅಂಗಿಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು. ಆ ದಿನ ಆ ಮೈದಾನದಲ್ಲಿ ಸರಿಯಾದ ಅಭಿಪ್ರಾಯ ವ್ಯಕ್ತಪಡಿಸಿದ್ದು ಅದೊಂದೇ. ಜನ ನಕ್ಕರು, ಸಾಹೇಬರೂ ನಕ್ಕರು, ಚಪ್ಪಾಳೆ ಬಿತ್ತು. ಪ್ರತಿ ಸೀಸೆಯ ಜೊತೆ ಕಂಪನಿಯವರು ಹಳದಿ ಓಲೆಗಳನ್ನು ಪುಕ್ಕಟೆ ಹಂಚಿದರು.

ಮಾಡಬಾರದ ಕೆಲಸ ಆಗಿದ್ದು ಅಲ್ಲೇ. ನಮ್ಮ ಕುರಿಗಾಹಿಗಳು ಕಾಗದ ನೋಡಿ ನಂಬುವವರಲ್ಲ, ಕುರಿ ನೋಡಿ ನಂಬುವವರು. ಹಿಂದಿನ ವರ್ಷ ಹಳದಿ ವಾಲಿಯವು ಬದುಕಿದ್ದನ್ನು ಐದೂ ಕಡೆಯವರು ಕಣ್ಣಾರೆ ಕಂಡಿದ್ದರು. ಆ ಮಾತು ಮಂದೆಯ ಜೊತೆ ಹೊಳೆಸಾಲಿಗೆಲ್ಲ ಹರಡಿತ್ತು. ಸಂತೆಯಲ್ಲಿ ಕುರಿ ಕೊಳ್ಳುವವರು ಹಲ್ಲು ನೋಡುವ ಮುಂಚೆ ಕಿವಿ ನೋಡತೊಡಗಿದರು. ಹೆಣ್ಣು ಕೇಳಲು ಬಂದವರು ಬಳುವಳಿಗೆ ಹಳದಿ ವಾಲಿಯ ಕುರಿಯೇ ಬೇಕೆಂದರು. ಯಾವ ಓಲೆಯನ್ನು ನಾವು ಬರೀ ಗುರುತಿಗಾಗಿ ಹೊಡೆದಿದ್ದೆವೋ ಅದೇ ತಾಯಿತವಾಯಿತು.

ನಾನು ಸುಮ್ಮನೆ ಕೂರಲಿಲ್ಲ. ಮೇಲಧಿಕಾರಿಗೆ ಬರೆದೆ. "ಚುನಾವಣೆ ಮುಗೀಲಿ, ನೋಡೋಣ" ಎಂಬ ಉತ್ತರ ಬಂತು. ಹಟ್ಟಿ ಹಟ್ಟಿಗೆ ಹೋಗಿ ಹೇಳಿದೆ, ಇದು ಬೇರೆ ಲಸಿಕೆ, ಇದನ್ನು ನಂಬಿ ಈ ಸಲ ಹೊಳೆಸಾಲಿಗೆ ಇಳಿಯಬೇಡಿ. ಹದಿನೈದು ದಿನದೊಳಗೆ ಮೆಮೊ ಬಂತು. ಅದರಲ್ಲಿದ್ದ ಆರೋಪ ಏನು ಗೊತ್ತೇ? ಲಸಿಕೆಯ ವಿರುದ್ಧ ಅಪಪ್ರಚಾರ! ಮೂವತ್ತು ವರ್ಷ ಐಸ್ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಿ ಇಳಿದ ನನಗೆ. ಕೊರೊನಾ ಕಾಲದಲ್ಲಿ ಸೂಜಿಗೆ ಹೆದರಿ ಓಡಿದವರನ್ನು ಬೈದು ಕರೆತಂದ ನನಗೆ. ಆ ಕಾಗದ ಓದಿ ನಾನು ಅತ್ತೆ, ಮುಚ್ಚಿಡುವುದೇನಿದೆ. ಅತ್ತ ರಘು ಲ್ಯಾಬಿನಲ್ಲಿ ಜಗಳ ಮಾಡಿದ. ಅವನ ಪ್ರಾಜೆಕ್ಟ್ ಮುಚ್ಚಿ ಅವನನ್ನು ಹಂದಿ ಸಾಕಣೆ ತರಬೇತಿ ಕೊಡುವ ಕಡೆಗೆ ವರ್ಗ ಮಾಡಿದರು.

ಚೌಡಮ್ಮನ ಬಳಿಗಂತೂ ಮೂರು ಸಲ ಹೋದೆ. ಅವಳು ಮಗಳ ಮದುವೆಯ ಸಡಗರದಲ್ಲಿದ್ದಳು. ಹಿಂದಿನ ವರ್ಷ ಗಂಜಿ ಕುಡಿಸಿ ಉಳಿಸಿಕೊಂಡಿದ್ದ ನೀಲಿ ಓಲೆಯವು ಕುಂಟುತ್ತವೆಂದು ಮಾರಿ, ಹೊಸ ಕುರಿ ತಂದಿದ್ದಳು. ಪರೀಕ್ಷೆಯಲ್ಲಿ ಗೆದ್ದಿದ್ದ ನಿಜವಾದ ಹಳದಿ ಓಲೆಯವನ್ನು ಬಹುಪಾಲು ಬಳುವಳಿ ಎಂದು ಮಗಳ ಜೊತೆ ಅವಳ ಗಂಡನ ಊರಾಗಲಿದ್ದ ಚಿಗಟೇರಿ ಕಡೆಗೆ ಕಳಿಸಲು ಸಿದ್ಧಮಾಡಿದ್ದಳು. ಒಳ್ಳೆಯದನ್ನೇ ಕೊಡುವ ತಾಯಿ ಅವಳು.

"ಅವನ್ನ ಕಳಿಸಿದ್ರ ನಿನಗ ಏನ್ ಉಳೀತೈತಿ ಚೌಡಮ್ಮ? ಈ ಹೊಸಾ ಲಸಿಕಿ ಅದಲ್ಲ" ಅಂದೆ. ಅವಳ ಜೊತೆ ಮಾತಾಡುವಾಗ ನನ್ನ ನಾಲಿಗೆಯೂ ಅವಳ ದಾರಿ ಹಿಡಿಯುತ್ತಿತ್ತು.

"ಇವಕ್ಕೂ ವಾಲಿ ಹಾಕಿಸೀನಲ್ರಿ. ನೋಡ್ರಿ, ನೀವು ಹಾಕಿದ್ದು ಹಳದಿ, ಇದೂ ಹಳದಿ. ಸರಕಾರದೋರು, ಅಷ್ಟು ಮಂದಿ ಮುಂದ ನಿಂತು ಸುಳ್ಳು ಹೇಳ್ತಾರೇನ್ರಿ?" ಅಂದು ನಕ್ಕಳು. "ನಿಮ್ಮನ್ನ ಕರೀಲಿಲ್ಲ ಅಂತ ಸಿಟ್ಟಿಗೆ ಬಂದೀರಿ ಬಿಡ್ರಿ. ಮದುವಿಗೆ ಬರ್ರಿ, ಹೋಳಿಗಿ ತಿನ್ನೂವಂತ್ರಿ."

ಮದುವೆಗೆ ಹೋದೆ. ಹೋಳಿಗೆ ತಿಂದೆ. ಬಾಗಿಲಲ್ಲಿ ಅರಿಸಿನ ಹಚ್ಚಿಸಿಕೊಂಡು ನಿಂತ ಆ ಕುರಿಗಳ ಕಿವಿಯಲ್ಲಿ ನಾನೇ ಹೊಡೆದ ಓಲೆಗಳು ಹೊಳೆಯುತ್ತಿದ್ದವು. ಎಲ್ಲರೂ ಹೊಗಳುತ್ತಿದ್ದರು.

ಚುನಾವಣೆ ಮುಗಿಯಿತು. ಸಾಹೇಬರು ಗೆದ್ದರೋ ಸೋತರೋ ಅದು ಕುರಿಗಳಿಗೆ ಸಂಬಂಧವಿಲ್ಲದ ವಿಷಯ. ಹಿಂಗಾರು ಬಂತು, ಮಂದೆಗಳು ಹೊಳೆಸಾಲಿಗೆ ಇಳಿದವು, ಹಳದಿ ಓಲೆ ಇದೆಯೆಂಬ ಧೈರ್ಯದಿಂದ ಹಿಂದೆಂದಿಗಿಂತ ಕೆಸರಿನ ಹತ್ತಿರಕ್ಕೇ ಇಳಿದವು. ರೋಗ ಕಾದು ಕೂತಿತ್ತು. ಬೀರಪ್ಪ ಮೈಲಾರದ ಹತ್ತಿರದಿಂದ ಫೋನ್ ಮಾಡಿದ. ಎಂದೂ ಮಾತಾಡದ ಮನುಷ್ಯ. "ಬರ್ರಿ ಡಾಕ್ಟರಮ್ಮ, ಎಲ್ಲಾ ಮಲಗ್ಯಾವ್ರಿ" ಅಂದ, ಅಷ್ಟೇ.

ಹೋಗಿ ನೋಡಿದರೆ ಹೊಲದ ತುಂಬ ಹಳದಿ ಓಲೆ, ನೆಲಕ್ಕೆ ತಾಗಿದ ಹಳದಿ ಓಲೆ. ಊದಿದ ಮುಖಗಳು. ಚೌಡಮ್ಮ ಗಂಜಿಯ ಪಾತ್ರೆ ಹಿಡಿದು ಒಂದರಿಂದ ಇನ್ನೊಂದಕ್ಕೆ ಓಡುತ್ತಿದ್ದಳು, ಯಾವುದನ್ನು ಮೊದಲು ಎತ್ತಬೇಕೆಂದು ತಿಳಿಯದೆ. ಎದ್ದು ನಿಂತಿದ್ದವು ನಾಲ್ಕೈದು ಮಾತ್ರ. ಅವು ಮಗಳಿಗೆ ಕೊಟ್ಟು ಉಳಿದಿದ್ದ ನಮ್ಮ ಪರೀಕ್ಷೆಯ ಕುರಿಗಳು. ಅದೇ ವಾರ ಮಗಳ ಮಾವನ ಮಂದೆಯಲ್ಲೂ ರೋಗ ಬಂದಿತ್ತು. ಅಲ್ಲೂ ಹೊಸ ಓಲೆಯವು ಬಿದ್ದಿದ್ದವು, ಬಳುವಳಿಯಾಗಿ ಹೋದವು ಮೇಯುತ್ತಿದ್ದವು. ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆಯನ್ನು ಯಾವ ವಿಜ್ಞಾನಿ ಮಾಡಲು ಸಾಧ್ಯ? ಯಾರೂ ಕೇಳದೆ, ಒಬ್ಬ ತಾಯಿಯ ಮಂದೆ ಬಲಿಕೊಟ್ಟು ಮಾಡಿದ ಪರೀಕ್ಷೆ.

ಮಾದರಿ ತೆಗೆದು ಕಳಿಸಿದೆ. ಕೊನೆಗೆ ಬಂದ ವರದಿಯಲ್ಲಿ ವೈರಸ್ಸಿನ ಬಗೆಯ ಸುದ್ದಿಯೇ ಇರಲಿಲ್ಲ. ಲಸಿಕೆಯನ್ನು ತಂಪಿನಲ್ಲಿ ಸರಿಯಾಗಿ ಇಡದ ಕಾರಣ ಪರಿಣಾಮ ಕುಂದಿರಬಹುದು ಎಂದಿತ್ತು. ಅಂದರೆ ತಪ್ಪು ನಮ್ಮ ಐಸ್ ಪೆಟ್ಟಿಗೆಯದು. ಕಂಪನಿ ಸರಿ, ಸಾಹೇಬರು ಸರಿ, ಐಸ್ ಸರಿಯಿಲ್ಲ. ನಮ್ಮ ಆಸ್ಪತ್ರೆಯ ಜವಾನ ಮಾರೆಪ್ಪ ಅದನ್ನು ಕೇಳಿ, "ಥೂ ಇವರ" ಅಂದವನು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ಮುಂದುವರಿಸು ಮಾರೆಪ್ಪ ಅಂದೆ.

ಚೌಡಮ್ಮನ ಕುಲದವರಲ್ಲಿ ಒಂದು ಪದ್ಧತಿಯಿತ್ತು. ಒಬ್ಬರ ಮಂದೆ ಹಾಳಾದರೆ ನೆಂಟರು ಒಂದೊಂದು ಕುರಿ ತಂದು ಅವರ ರೊಪ್ಪಕ್ಕೆ ಬಿಡುತ್ತಾರೆ, ಕೇಳುವುದಿಲ್ಲ, ಹೇಳುವುದಿಲ್ಲ. ಮಗಳೂ ತನ್ನ ಬಳುವಳಿಯಿಂದ ಎರಡನ್ನು ಹೊಡೆದುಕೊಂಡು ಬಂದಿದ್ದಳು. ಆ ದಿನ ನಾನು ಅಲ್ಲಿದ್ದೆ. ಚೌಡಮ್ಮ ಉಣ್ಣೆ ಕತ್ತರಿಸುವ ಕತ್ತರಿ ಹಿಡಿದು ಬಾಗಿಲಲ್ಲಿ ನಿಂತಳು. ಒಳಗೆ ಬಿಡುವ ಮುಂಚೆ ಒಂದೊಂದನ್ನೂ ಹಿಡಿದು ಕಿವಿಯ ಹಳದಿ ಓಲೆ ಕತ್ತರಿಸಿ ಎಸೆದಳು. ಮಗಳು ತಂದವುಗಳ ಓಲೆಯನ್ನೂ. "ಅವು ಖರೇವದಾವ ಚೌಡಮ್ಮ, ಅವಷ್ಟು ಇರಲಿ ಬಿಡು" ಅಂದೆ. ಅವಳು ಕೇಳಿಸಿಕೊಳ್ಳದವಳಂತೆ ಕತ್ತರಿಸಿದಳು.

ಮರುವರ್ಷ, ನನ್ನ ಸರ್ವಿಸ್ಸಿನ ಕೊನೆಯ ವರ್ಷ, ಕುರಿ ಮೇಕೆಗಳ ಪಿಪಿಆರ್ ರೋಗಕ್ಕೆ ಲಸಿಕೆ ಹಾಕುವ ಕೆಲಸ ಬಂತು. ಅದು ಬೇರೆಯೇ ರೋಗ, ಮಂದೆಗೆ ಮಂದೆಯನ್ನೇ ಒರೆಸಿಹಾಕುವಂಥದು. ಲಸಿಕೆ ಒಳ್ಳೆಯದು, ವರ್ಷಗಟ್ಟಲೆ ನನ್ನ ಕೈಯಾರೆ ಹಾಕಿ ನೋಡಿದ್ದು. ಎದೆ ಮೇಲೆ ಕೈಯಿಟ್ಟು ಹೇಳಬಹುದಾದ ಲಸಿಕೆ. ಐಸ್ ಪೆಟ್ಟಿಗೆ ಹೊತ್ತು ಚೌಡಮ್ಮನ ಹಟ್ಟಿಗೆ ಹೋದೆ. ಚಾಪೆ ಹಾಸಿದಳು, ಚಹಾ ಕೊಟ್ಟಳು, ಮೊಮ್ಮಗು ಹುಟ್ಟಿದ ಸುದ್ದಿ ಹೇಳಿದಳು. ನಾನು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದಾಗ ನನ್ನ ಕೈ ಮೇಲೆ ಕೈಯಿಟ್ಟಳು.

"ಇದು ಒಳ್ಳೇದು ಚೌಡಮ್ಮ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಅಂದೆ.

"ನಿಮ್ಮ ಮ್ಯಾಲೆ ಐತ್ರಿ. ನೀವು ಆವತ್ತು ಹೇಳಿದ್ದೂ ಖರೇನ ಆತು. ಆದ್ರ ಖರೇದೂ ಇದ ಡಬ್ಬ್ಯಾಗ ಬಂತು, ಸುಳ್ಳೂ ಇದ ಡಬ್ಬ್ಯಾಗ ಬಂತು. ನಾನು ಹ್ಯಾಂಗ ಗುರ್ತು ಹಿಡೀಲ್ರಿ?"

ಲೇಬಲ್ ಓದು ಅನ್ನಲೇ? ಲೇಬಲ್ ನಾನು ಓದಿದ್ದೆನಲ್ಲ, ಏನಾಯಿತು? ವಿಜ್ಞಾನ ನಂಬು ಅನ್ನಲೇ? ವಿಜ್ಞಾನದ ಫೋಟೊವನ್ನೇ ಬ್ಯಾನರಿಗೆ ಹಾಕಿ ಅವಳ ಕುರಿ ಕೊಂದಿದ್ದರು. ಲಸಿಕೆಯನ್ನು ತಂಪಾಗಿಡುವುದು ಹೇಗೆಂದು ನನ್ನ ಕೆಲಸ ನನಗೆ ಚೆನ್ನಾಗಿ ಕಲಿಸಿತ್ತು. ಆದರೆ ಅದರ ಮೇಲಿನ ನಂಬಿಕೆಯನ್ನು ಲಾಭಕ್ಕೂ ಓಟಿಗೂ ಮಾರಿಕೊಂಡ ಮೇಲೆ, ಮುಂದೆ ಬರುವ ಒಳ್ಳೆಯ ಲಸಿಕೆಯೂ ಅವತ್ತೇ ಕೆಟ್ಟುಹೋಗಿರುತ್ತದೆ ಎಂಬುದನ್ನು ಚೌಡಮ್ಮ ಕಲಿಸಿದಳು. ಮಾರಿಕೊಂಡವರು ಅದನ್ನು ವಾಪಸು ತಂದುಕೊಡುವುದಿಲ್ಲ. ಬಾಗಿಲಿಗೆ ಹೋಗಿ ಮುಖ ತೋರಿಸಬೇಕಾದವರು ನನ್ನಂಥವರು.

ನಮ್ಮ ಸೀಮೆಯ ಆ ವೈರಸ್ ಈಗಲೂ ಲ್ಯಾಬಿನ ಫ್ರೀಜರಿನಲ್ಲಿದೆಯಂತೆ, ಮೊನ್ನೆ ರಘು ಫೋನಿನಲ್ಲಿ ಹೇಳಿದ. ಲಸಿಕೆಯಾಗಲು ಸಿದ್ಧವಾಗಿಯೇ ಇದೆಯಂತೆ, ಮಾಡುವವರಿಲ್ಲ. ಹೊಳೆಸಾಲಿನಲ್ಲಿ ಅದು ಫ್ರೀಜರಿನ ಹೊರಗೂ ಇದೆ. ಪಿಪಿಆರ್ ಲಸಿಕೆ ಒಯ್ದಿದ್ದ ಆ ದಿನ ಚೌಡಮ್ಮ ನನ್ನ ಪೆಟ್ಟಿಗೆಯನ್ನು ತಾನೇ ಎತ್ತಿ ಜೀಪಿನವರೆಗೆ ತಂದುಕೊಟ್ಟಳು. "ಬರ್ತಿರ್ರಿ ಡಾಕ್ಟರಮ್ಮ. ಚಾ ಕುಡ್ಯಾಕ ಬರ್ರಿ, ಊಟಕ್ಕ ಬರ್ರಿ. ಸೂಜಿ ಮಾತ್ರ ತರಬ್ಯಾಡ್ರಿ" ಅಂದಳು.